ಗುರುತು ಸಿಗದ ಕೋಟು

ನಮ್ಮ ವೆಸ್ನಾದಲ್ಲಿ ಚಳಿಗಾಲ ಬಂತೆಂದರೆ ಯಾರ ಮುಖವೂ ಕಾಣುವುದಿಲ್ಲ. ನವೆಂಬರಿನಿಂದ ಏಪ್ರಿಲಿನವರೆಗೆ ಮೂಗಿನ ತನಕ ಮಫ್ಲರು, ಹುಬ್ಬಿನ ತನಕ ಟೊಪ್ಪಿ, ನಡುವೆ ಎರಡು ಕಣ್ಣು, ಆ ರೆಪ್ಪೆಗಳ ಮೇಲೂ ಹಿಮ. ಹಾಗಾದರೆ ಎದುರಿಗೆ ಬರುತ್ತಿರುವುದು ಯಾರೆಂದು ತಿಳಿಯುವುದು ಹೇಗೆ? ಕೋಟಿನಿಂದ. ಮಾಸಲು ನೀಲಿ, ಬೆನ್ನ ಮೇಲೆ ಟೇಪು ಅಂಟಿಸಿದ್ದು ಅಂದರೆ ನನ್ನ ಅಣ್ಣ ನೆಸ್ಟರ್. ಕೆಂಪು, ಒಂದು ಜೇಬು ಜೋತಾಡುತ್ತಿರುವುದು ಅಂದರೆ ನಾನು, ಅಡೆಲಿನ್. ಅರವತ್ತು ವರ್ಷದಿಂದ ನಾನು ಈ ಊರಿನಲ್ಲಿ ಕೋಟುಗಳಿಗೇ ಕೈ ಬೀಸುತ್ತಾ ಬಂದಿದ್ದೇನೆ. ಹೊಸ ಕೋಟು ಕೊಂಡವರನ್ನು ಒಂದೆರಡು ವಾರ ಯಾರೂ ಮಾತಾಡಿಸುವುದಿಲ್ಲ. ನೆಸ್ಟರ್ ಒಮ್ಮೆ ಕೋಟು ಬದಲಾಯಿಸಿದಾಗ ಅವನ ನಾಯಿಯೇ ಅವನಿಗೆ ಬೊಗಳಿತ್ತು. ಮಾರನೇ ದಿನ ಅವನು ಮತ್ತೆ ಹಳೆಯದಕ್ಕೇ ಟೇಪು ಅಂಟಿಸಿಕೊಂಡ.

ಇದೆಲ್ಲ ಗೊತ್ತಿದ್ದೂ ಗೊತ್ತಿದ್ದೂ ನಮ್ಮ ಓರಿಸ್ಯಾ ಊರಿನ ಹಳೇ ಕೋಟುಗಳನ್ನು ಊರಿನಲ್ಲೇ ಹಂಚಲು ಹೊರಟಳಲ್ಲ, ಅದನ್ನು ಹೇಳಬೇಕು. ಈಗ ಅವಳ ಸಂಘದ ಹೆಸರು ಹನ್ನೊಂದು ಊರುಗಳಲ್ಲಿದೆ, ಪತ್ರಿಕೆಯವರು ಬಂದು ಫೋಟೋ ತೆಗೆದುಕೊಂಡು ಹೋಗಿದ್ದಾರೆ. 'ದೂರದೃಷ್ಟಿಯ ಮಹಿಳೆ' ಎಂದು ಬರೆದಿದ್ದಾರೆ. ದೂರದೃಷ್ಟಿಯಂತೆ! ಮೂಗಿನ ಕೆಳಗೆ ಇದ್ದದ್ದು ಕಾಣಲಿಲ್ಲ ಆ ಮಹಾರಾಯ್ತಿಗೆ. ಪಕ್ಕದಲ್ಲಿ ನಿಂತಿದ್ದ ನನಗೂ ಕಾಣಲಿಲ್ಲ ಅನ್ನುವುದು ಬೇರೆ ಮಾತು.

ಓರಿಸ್ಯಾ ನೆಸ್ಟರನ ಹೆಂಡತಿ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಎತ್ತರಕ್ಕಿಂತ ಅಗಲವೇ ಹೆಚ್ಚು, ಮಾತಿಗಿಂತ ಕೈ ಹೆಚ್ಚು. ಅವಳು ಹುಟ್ಟಿದ ಮನೆಯಲ್ಲಿ ಗೋಧಿಹಿಟ್ಟಿನ ಚೀಲ ಬಿಚ್ಚಿ ಮಕ್ಕಳಿಗೆ ಚಡ್ಡಿ ಹೊಲಿಯುತ್ತಿದ್ದರು. ಗಿರಣಿಯವರ ಹುಂಜದ ಚಿತ್ರ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲವಂತೆ. "ನಾನು ಕೂತಲ್ಲೆಲ್ಲಾ ಹುಂಜದ ಮೇಲೇ ಕೂರ್ತಿದ್ದೆ" ಎಂದು ಈಗಲೂ ನಗುತ್ತಾಳೆ. ಆದ್ದರಿಂದಲೋ ಏನೋ, ಬಟ್ಟೆ ಎಸೆಯುವುದೆಂದರೆ ಅವಳಿಗೆ ಅನ್ನ ಎಸೆದ ಹಾಗೆ. ಅವಳ ಮನೆಯಲ್ಲಿ ಹಳೇ ಜಿಪ್ಪುಗಳದ್ದೇ ಒಂದು ಡಬ್ಬ, ಗುಂಡಿಗಳದ್ದು ಏಳು ಡಬ್ಬ.

ಆ ವರ್ಷ ಅಕ್ಟೋಬರಿನಲ್ಲಿ ಹಳೇ ಒಲೆಯೊಂದನ್ನು ಎಸೆದು ಬರಲು ಊರಾಚೆಯ ಕಸದ ಗುಂಡಿಗೆ ಹೋಗಿದ್ದಳು. ಅಲ್ಲಿ ಯಾರದೋ ಮನೆ ಖಾಲಿ ಮಾಡಿದವರು ಕಪ್ಪು ಚೀಲಗಳ ರಾಶಿ ಹಾಕಿದ್ದರು. ಕುತೂಹಲಕ್ಕೆ ಒಂದನ್ನು ಹರಿದು ನೋಡಿದರೆ ಒಳಗೆಲ್ಲ ಕೋಟು. ಎಸೆಯಲು ಹೋದವಳು ಗಾಡಿ ತುಂಬ ಹೊತ್ತು ತಂದಳು. ನೆಸ್ಟರ್ ಬಾಗಿಲಲ್ಲಿ ನಿಂತು, "ಒಲೆ ಕೊಟ್ಟು ಇದನ್ನ ತಂದ್ಯಾ? ವ್ಯಾಪಾರ ಚೆನ್ನಾಗಿದೆ ಕಣೆ" ಅಂದ. ಆ ವಾರವೇ ಓರಿಸ್ಯಾ ಊರಿನ ಮನೆಮನೆಗೂ ಹೋಗಿ, ಗುಂಡಿಗೆ ಎಸೆಯುವ ಬಟ್ಟೆ ಇದ್ದರೆ ನನಗೆ ಕೊಡಿ ಎಂದು ಹೇಳಿ ಬಂದಳು. ಊರಂಚಿನ ಅಣಬೆ ತೋಟದ ಕೆಲಸಕ್ಕೆ ಹೊರದೇಶಗಳಿಂದ ಬಂದ ಹತ್ತೊಂಬತ್ತು ಕುಟುಂಬಗಳಿದ್ದವು. ಇಲ್ಲಿನ ಚಳಿ ಏನೆಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ; ಕೋಟುಗಳು ಅವರಿಗೆಂದೇ.

ಜಾಗ ಕೊಟ್ಟವನು ಪ್ರೊಕೊಪ್. ಎಂಬತ್ತನಾಲ್ಕು ವರ್ಷದ ಮುದುಕ, ನಮ್ಮ ಸಮುದಾಯ ಭವನದ ಬೀಗದ ಕೈ ಅವನ ಬಳಿ ಇರುತ್ತದೆ. ಹೆಂಡತಿ ಟಿಲ್ಲಿ ತೀರಿಕೊಂಡು ಆಗ ಎರಡು ವರ್ಷ. ಭವನದ ನೆಲಮಾಳಿಗೆ ತೆರೆದುಕೊಟ್ಟ, ಕೋಟು ತೂಗುಹಾಕಲು ಕೊಳವೆ ಬಿಗಿದುಕೊಟ್ಟ, ಕೊನೆಗೆ ಮನೆಗೆ ಹೋಗಿ ಟಿಲ್ಲಿಯ ಕೋಟನ್ನೂ ತಂದು ತೂಗುಹಾಕಿದ. ಕಡು ಅರಿಸಿನ ಬಣ್ಣ, ಕತ್ತಿನ ಸುತ್ತ ನರಿಯ ತುಪ್ಪುಳ. ಇಪ್ಪತ್ತೆರಡು ಚಳಿಗಾಲ ಊರೆಲ್ಲ ಕೈ ಬೀಸಿದ ಕೋಟು ಅದು.

"ಬೇಡ ಪ್ರೊಕೊಪ್, ಇದನ್ನ ಇಟ್ಕೋ" ಅಂದೆ ನಾನು.

"ಇಟ್ಕೊಂಡು ಏನ್ ಮಾಡ್ಲಿ, ಹುಳಕ್ಕೆ ಹಾಕ್ಲಾ? ಯಾರಿಗಾದ್ರೂ ಬೆಚ್ಚಗಾಗ್ಲಿ ಬಿಡು" ಎಂದು ರೇಗಿದ.

ಮೊದಲ ದಿನ ಊರಿಗೆ ಊರೇ ಬಂತು. ನಾನು ಮುನ್ನೂರು ಪಿರೊಹಿ ಮಾಡಿದ್ದೆ. ಆಲೂಗಡ್ಡೆ ಹೂರಣದ ಕಡುಬು. ಅದಿಲ್ಲದೆ ನಮ್ಮಲ್ಲಿ ಹೆಣವೂ ಏಳುವುದಿಲ್ಲ, ಮದುವೆಯೂ ಆಗುವುದಿಲ್ಲ. ಬಂದವರು ತಿಂದರು, ಕಾಫಿ ಕುಡಿದರು, ತೂಗುಹಾಕಿದ ಕೋಟುಗಳ ಮುಂದೆ ನಿಂತು ನೆಂಟರನ್ನು ಕಂಡವರ ಹಾಗೆ ಹಿಗ್ಗಿದರು. "ಅಯ್ಯೋ, ಇದು ಲಿಲಿಯನ್‌ದಲ್ವಾ? ಮೊಣಕೈ ನೋಡು, ಟೆಲಿಫೋನ್ ಹಿಡ್ಕೊಂಡೂ ಹಿಡ್ಕೊಂಡೂ ಸವೆದಿದೆ." "ಇದು ನಮ್ಮ ಡಾಕ್ಟ್ರದ್ದು, ಆ ಸಲ ಕುಡಿದು ಕಾಲುವೆಗೆ ಬಿದ್ದಾಗ ಹಾಕ್ಕೊಂಡಿದ್ದು." ಹೊರದೇಶದ ಕುಟುಂಬಗಳೂ ಬಂದವು. ನಗುನಗುತ್ತಾ ನೋಡಿದವು, ಕಡುಬು ತಿಂದವು, ಕೈಮುಗಿದು ಹೊರಟವು. ಅವರಲ್ಲಿ ಯಾರೂ ಒಂದು ಕೋಟನ್ನೂ ಮುಟ್ಟಲಿಲ್ಲ.

"ಸಂಕೋಚ. ನಾಳೆ ಬರ್ತಾರೆ" ಅಂದಳು ಓರಿಸ್ಯಾ.

ಒಬ್ಬಳು ಮಾತ್ರ ತೆಗೆದುಕೊಂಡಳು. ಲೆತೆಬ್ರಹಾನ್. ಎರಿಟ್ರಿಯಾದವಳು, ನಲವತ್ತರ ಆಸುಪಾಸು, ಒಂಟಿ. ನಮ್ಮ ಚರ್ಚಿನವರೇ ಜವಾಬ್ದಾರಿ ಹೊತ್ತು ಕರೆಸಿಕೊಂಡಿದ್ದರು. ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕೆಲಸ, ಬೆಳಿಗ್ಗೆ ಏಳಕ್ಕೆ ಹಾಜರಾಗಬೇಕು, ಮನೆಯಿಂದ ಎರಡು ಕಿಲೋಮೀಟರು ನಡಿಗೆ. ಬಂದು ಎರಡೇ ತಿಂಗಳಾಗಿತ್ತು. ಹೆಸರು ನಮ್ಮ ಬಾಯಿಗೆ ಇನ್ನೂ ಹತ್ತಿರಲಿಲ್ಲ. ಕೆಲವರು 'ಆ ಹೊಸಬಳು' ಅನ್ನುತ್ತಿದ್ದರು, ಕೆಲವರು 'ಚರ್ಚಿನವರ ಹೆಂಗಸು' ಅನ್ನುತ್ತಿದ್ದರು. ಅವಳು ನೇರವಾಗಿ ಅರಿಸಿನ ಬಣ್ಣದ ಕೋಟಿನ ಬಳಿ ಹೋಗಿ ತುಪ್ಪುಳ ಸವರಿ, ತೊಟ್ಟು, ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ನಕ್ಕಳು. ಓರಿಸ್ಯಾಳ ಕಣ್ಣು ತುಂಬಿತು. ನಾನು ಮೇಜು ಒರೆಸುವವಳ ಹಾಗೆ ಬೆನ್ನು ತಿರುಗಿಸಿದೆ.

ಒಂದು ವಾರ. ಒಂದೇ ಒಂದು ವಾರ.

ಅವಳು ರಸ್ತೆಗೆ ಇಳಿದರೆ ಕಾರುಗಳು ನಿಲ್ಲುತ್ತಿದ್ದವು. ಅಂಗಡಿಯವನು ಅವಳನ್ನು ಕಿಟಕಿಯಿಂದ ಕಂಡು ಕೈಯಲ್ಲಿದ್ದ ಡಬ್ಬ ಬೀಳಿಸಿದ. ಒಬ್ಬಳು ಶಿಲುಬೆಯ ಗುರುತು ಹಾಕಿಕೊಂಡಳು. ಪಾಪ, ಆ ಲೆತೆಬ್ರಹಾನ್ ಇದೆಲ್ಲ ತನ್ನ ಮೈಬಣ್ಣಕ್ಕೆ ಎಂದುಕೊಂಡು ತಲೆ ತಗ್ಗಿಸಿ ನಡೆದಳು. ಆರನೇ ದಿನ ಅಂಚೆ ಕಚೇರಿಯ ಮುಂದೆ ಅವಳ ಬೆನ್ನ ಹಿಂದೆ ಒಂದು ಕೂಗು ಕೇಳಿತು.

"ಟಿಲ್ಲೀ! ಟಿಲ್ಲೀ, ನಿಲ್ಲೇ!"

ಪ್ರೊಕೊಪ್. ತಾನೇ ಕೊಟ್ಟ ಕೋಟು. ಆದರೂ ಕಣ್ಣು ಕಂಡದ್ದನ್ನು ಕಾಲು ನಂಬಿಬಿಟ್ಟಿತು. ಎಂಬತ್ತನಾಲ್ಕು ವರ್ಷದವನು ಹಿಮದ ಮೇಲೆ ಓಡಿದ, ಜಾರಿದ, ದಢಾರನೆ ಬಿದ್ದ. ಪುಣ್ಯಕ್ಕೆ ಸೊಂಟ ಉಳಿಯಿತು. ಲೆತೆಬ್ರಹಾನ್ ಓಡಿಬಂದು ಎತ್ತಿ ಕೂರಿಸಿದಳು. ಅವನು ಅವಳ ಮುಖ ನೋಡಿದ, ಕೋಟು ನೋಡಿದ, ನಡುರಸ್ತೆಯಲ್ಲಿ ಮಗುವಿನ ಹಾಗೆ ಅತ್ತುಬಿಟ್ಟ. ಅಂಚೆ ಕಚೇರಿಯಲ್ಲಿದ್ದವರೆಲ್ಲ ಹೊರಗೆ ಬಂದು ನಿಂತರು. ಅವರಲ್ಲಿ ನಾನೂ ಒಬ್ಬಳು.

ಮಾರನೇ ದಿನ ಲೆತೆಬ್ರಹಾನ್ ಓರಿಸ್ಯಾಳ ಮನೆಗೆ ಬಂದಳು. ಕೋಟನ್ನು ಮಡಿಸಿ, ಬ್ರಶ್ ಮಾಡಿ, ಮೇಲೆ ತಾನೇ ಸುಟ್ಟ ಒಂದು ದಪ್ಪ ರೊಟ್ಟಿ ಇಟ್ಟುಕೊಂಡು ಬಂದಿದ್ದಳು. ಮೈಮೇಲೆ ಮೂರು ಸ್ವೆಟರು, ಅದರ ಮೇಲೆ ಒಂದು ಕಂಬಳಿ. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ.

"ತುಂಬಾ ಬೆಚ್ಚಗಿದೆ ಅಮ್ಮಾ, ಬೇಜಾರ್ ಮಾಡ್ಕೋಬೇಡಿ" ಅಂದಳು. ಓರಿಸ್ಯಾಳನ್ನು ಅವಳು ಅಮ್ಮಾ ಎಂದೇ ಕರೆಯುತ್ತಿದ್ದದ್ದು. "ಆದ್ರೆ ಇದು ನನ್ನದಲ್ಲ."

"ಬೇರೆದು ತಗೋ ಮಗಳೇ. ಐವತ್ತಿವೆ ಅಲ್ಲಿ."

"ಬೇರೆದು ತಗೊಂಡ್ರೂ ಅಷ್ಟೇ ಅಲ್ವಾ? ಲಿಲಿಯನ್ ಕೋಟು ಬಂತು ಅಂತಾರೆ, ಡಾಕ್ಟ್ರ ಕೋಟು ಬಂತು ಅಂತಾರೆ. ಅದಕ್ಕೇ ಯಾರೂ ಮುಟ್ತಿಲ್ಲ. ನಿಮಗೆ ಯಾರೂ ಹೇಳ್ಲಿಲ್ವಾ?" ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡಳು. "ನಿರಾಶ್ರಿತರ ಕ್ಯಾಂಪ್‌ನಲ್ಲಿ ಹದಿಮೂರು ವರ್ಷ ಇದ್ದೆ ಅಮ್ಮಾ. ಅಲ್ಲಿ ನಾನು ಒಂದು ನಂಬರ್. ಇಲ್ಲಿ ಬಂದಮೇಲಾದ್ರೂ ನನ್ನ ಹೆಸರು ಹಿಡಿದು ಕೂಗ್ತಾರೆ ಅಂದ್ಕೊಂಡಿದ್ದೆ. ಮೊದಲನೇ ಸಲ ಬೀದೀಲಿ ಕೂಗಿದ್ರು, ಅದೂ ತೀರಿಹೋದವರ ಹೆಸರು."

ಕ್ಯಾಲ್ಗರಿ ನಗರದಲ್ಲಿ ಅವಳಿಗೆ ಒಬ್ಬ ದೂರದ ಸಂಬಂಧಿ ಇದ್ದ. ಅಲ್ಲಿ ಬಸ್ಸು ಮನೆ ಬಾಗಿಲಿಗೇ ಬರುತ್ತದಂತೆ, ಅವಳ ಭಾಷೆಯ ಜನ ಇದ್ದಾರಂತೆ. ಕ್ರಿಸ್‌ಮಸ್ ಮುಗಿದ ಮಾರನೇ ದಿನ ಹೊರಡುವುದೆಂದು ಗೊತ್ತು ಮಾಡಿಕೊಂಡಿದ್ದಳು. ಅವಳ ಕ್ರಿಸ್‌ಮಸ್ಸೂ ನಮ್ಮದೂ ಒಂದೇ ದಿನ, ಹಳೇ ಪಂಚಾಂಗದ ಪ್ರಕಾರ ಜನವರಿ ಏಳು. ಹೋಗುತ್ತಾ ರೊಟ್ಟಿಯನ್ನು ಮೇಜಿನ ಮೇಲಿಟ್ಟು ಹೋದಳು. ಅವಳ ಕೈಬೆರಳುಗಳ ತುದಿ ಚಳಿಗೆ ಊದಿ ಬಿರಿದಿದ್ದವು.

ಬಾಗಿಲು ಮುಚ್ಚಿದ ಮೇಲೆ ಓರಿಸ್ಯಾ ನನ್ನ ಲೋಟಕ್ಕೆ ಮತ್ತೆ ಕಾಫಿ ಸುರಿದಳು. ಆಮೇಲೆ, ನಲವತ್ತೈದು ವರ್ಷ ನನ್ನ ಅಣ್ಣನ ಹೆಂಡತಿಯಾಗಿದ್ದೂ ನನಗೆ ಹೇಳದ ಒಂದು ವಿಷಯ ಹೇಳಿದಳು. ಅವಳಿಗೆ ಏಳು ವರ್ಷವಿದ್ದಾಗ ಶಾಲೆಯ ಮೇಷ್ಟರ ಹೆಂಡತಿ ತನ್ನ ಮಗಳ ನೀಲಿ ಕೋಟು ಕೊಟ್ಟಿದ್ದಳು. ಮುತ್ತಿನಂಥ ಗುಂಡಿಗಳಿದ್ದವಂತೆ. ತೊಟ್ಟು ತರಗತಿಗೆ ಹೋದರೆ ಆ ಮಗಳು ಎಲ್ಲರ ಮುಂದೆ, "ಜೇಬಲ್ಲಿ ನನ್ನ ಕರ್ಚೀಫ್ ಇದೆಯಾ ನೋಡೇ, ಕೊಟ್ಬಿಡು" ಅಂದಳಂತೆ.

"ಇತ್ತಾ?" ಅಂದೆ.

"ಇತ್ತು ಕಣೇ. ಕೊಟ್ಟೆ. ಮಾರನೇ ದಿನದಿಂದ ಮನೇಲಿ ಕೋಟು ಹಾಕ್ಕೊಂಡು ಹೊರಡೋದು, ದಾರೀಲಿ ಮೋರಿ ಕೆಳಗೆ ಬಚ್ಚಿಡೋದು, ನಡುಗ್ತಾ ಶಾಲೆಗೆ ಹೋಗೋದು. ಇಡೀ ಚಳಿಗಾಲ." ಮೂಗು ಒರೆಸಿಕೊಂಡಳು. "ಅಂಥವಳು ನಾನೇ ಮರೆತೆನಲ್ಲೇ ಅಡೆಲಿನ್. ನನ್ನಂಥ ಕತ್ತೆ ಇದ್ದಾಳಾ?"

"ಇಲ್ಲ" ಅಂದೆ. ಆಮೇಲೆ ಇಬ್ಬರೂ ಸೇರಿ ಆ ರೊಟ್ಟಿ ಮುಗಿಸಿದೆವು. ಏಲಕ್ಕಿ ಹಾಕಿದ್ದಳು, ಬಹಳ ಚೆನ್ನಾಗಿತ್ತು.

ಕತ್ತೆ ಅಂದಮಾತ್ರಕ್ಕೆ ಸುಮ್ಮನೆ ಕೂರುವವಳಲ್ಲ ಓರಿಸ್ಯಾ. ಮೊದಲು ಗುಂಡಿ ಬದಲಾಯಿಸಿದಳು. ಲಿಲಿಯನ್ನಳ ಕೋಟಿಗೆ ಡಾಕ್ಟರರ ಗುಂಡಿ, ಡಾಕ್ಟರರ ಕೋಟಿಗೆ ಲಿಲಿಯನ್ನಳ ಗುಂಡಿ. ಡಾಕ್ಟರರದ್ದನ್ನು ನೆಸ್ಟರನಿಗೆ ತೊಡಿಸಿ ರಸ್ತೆಗೆ ಅಟ್ಟಿದಳು. ಅವನು ಹತ್ತು ನಿಮಿಷದಲ್ಲಿ ವಾಪಸ್ಸು. "ಮೂರು ಜನ ಡಾಕ್ಟ್ರೇ ಅಂದ್ರು. ಒಬ್ಬ ಮಂಡಿ ತೋರಿಸ್ದ." ಆಮೇಲೆ ಬಣ್ಣ ಹಾಕೋಣ ಎಂದು ಹೊರಟಳು. ತನ್ನ ಬಟ್ಟೆ ಒಗೆಯುವ ಯಂತ್ರ ಚಿಕ್ಕದಂತೆ, ನನ್ನದು ದೊಡ್ಡದಂತೆ. ನಾನು ಮಂಜುಗಡ್ಡೆಯ ಮೇಲೆ ಕರ್ಲಿಂಗ್ ಆಡಲು ಹೋಗಿದ್ದಾಗ ಬಂದು ಎಂಟು ಕೋಟು ಮುಳುಗಿಸಿದ್ದಾಳೆ. ಬಂದು ನೋಡಿದರೆ ಯಂತ್ರ ನೇರಳೆ, ನೆಲ ನೇರಳೆ, ಆಮೇಲೆ ಒಗೆದ ನನ್ನ ದಿಂಬಿನ ಚೀಲಗಳೆಲ್ಲ ನೇರಳೆ.

"ನಿನ್ನ ಸಮಾಜಸೇವೆಗೆ ಬೆಂಕಿ ಬೀಳ! ನಾನು ರಾತ್ರಿ ಯಾವ ಮುಖ ಇಟ್ಕೊಂಡು ಮಲಗ್ಲೇ ಇದರ ಮೇಲೆ?"

"ನೇರಳೆ ಮುಖ ಇಟ್ಕೊಂಡು ಮಲಗು. ನಿನಗೆ ಒಪ್ಪುತ್ತೆ" ಅಂದಳು, ನಾಚಿಕೆಯಿಲ್ಲದೆ.

ಬಣ್ಣ ಬಳಿದ ಕೋಟನ್ನು ಕಂಡ ಮೊದಲ ಹೆಂಗಸೇ, "ಅಯ್ಯೋ, ಲಿಲಿಯನ್ ಕೋಟಿಗೆ ಏನಾಯ್ತು?" ಅಂದಳು. ಅಲ್ಲಿಗೆ ಅದೂ ಮುಗಿಯಿತು. ಇತ್ತ ಲೆತೆಬ್ರಹಾನ್ ಮೂರು ಸ್ವೆಟರಿನ ಮೇಲೆ ಕಂಬಳಿ ಸುತ್ತಿಕೊಂಡು ದಿನಾ ನಡೆಯುತ್ತಲೇ ಇದ್ದಳು. ಕಾರಿನಲ್ಲಿ ಬಿಡುತ್ತೇನೆಂದರೆ ಒಂದು ದಿನ ಹತ್ತುವಳು, ನಾಲ್ಕು ದಿನ ಬೇಡ ಅನ್ನುವಳು. ಡಿಸೆಂಬರು ಕಳೆಯುತ್ತಿತ್ತು. ಓರಿಸ್ಯಾ ಹೊಸ ಕೋಟನ್ನೇ ಕೊಂಡುಕೊಡಲು ಹೋದಳು; ಅವಳು ಅದನ್ನೂ ಒಪ್ಪಲಿಲ್ಲ. "ಐವತ್ತು ಕೋಟು ಕೆಳಗೆ ಕೂತಿರೋವಾಗ ನನಗೊಬ್ಬಳಿಗೆ ಹೊಸದಾ? ಮಿಕ್ಕವರು ಏನ್ ಮಾಡ್ಬೇಕು?" ಅಂದಳಂತೆ.

ದಾರಿ ಹೊಳೆದದ್ದು ನನಗೆ. ಪತ್ರಿಕೆಯಲ್ಲಿ ಅದು ಬರಲಿಲ್ಲ, ಆದ್ದರಿಂದ ಇಲ್ಲಿ ಒತ್ತಿ ಹೇಳುತ್ತಿದ್ದೇನೆ. ಹೊಳೆಯಿತು ಅನ್ನುವುದಕ್ಕಿಂತ ಬಾಯಿ ತಪ್ಪಿ ಬಂತು. ಹೊಸ ವರ್ಷದ ಮೊದಲ ಶನಿವಾರ ನಮ್ಮ ಹೆಂಗಸರ ಕರ್ಲಿಂಗ್ ತಂಡ ಬೋಷಾಂಗೆ ಪಂದ್ಯಕ್ಕೆ ಹೋಗುವುದಿತ್ತು. ಮುನ್ನೂರು ಕಿಲೋಮೀಟರು ದೂರ, ಫ್ರೆಂಚ್ ಮಾತಾಡುವ ಊರು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ, ಅದರ ಮುಂದೆ ಪೊರಕೆ ತಿಕ್ಕುವ ಆಟಕ್ಕೆ ಅಷ್ಟು ದೂರ ಹೋಗಬೇಕಾ ಎಂದು ನೆಸ್ಟರ್ ಅಣಕಿಸುತ್ತಿದ್ದ. "ಹೋಗೋದೇ ಒಳ್ಳೇದು. ಅಲ್ಲಿ ನನ್ನ ಕೆಂಪು ಕೋಟಿನ ಪರಿಚಯ ಒಂದು ನರಪಿಳ್ಳೆಗೂ ಇಲ್ಲ. ಎಷ್ಟು ಬೇಕಾದ್ರೂ ಸೋಲಬಹುದು" ಅಂದೆ.

ಓರಿಸ್ಯಾ ಕಡುಬಿನ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು. "ಇನ್ನೊಂದ್ಸಲ ಹೇಳು."

"ಎಷ್ಟು ಬೇಕಾದ್ರೂ ಸೋಲಬಹುದು."

"ಅದಕ್ಕಿಂತ ಮುಂಚೆ ಹೇಳಿದ್ದು ಕಣೇ!"

ಅಷ್ಟೇ. ಹಿಟ್ಟಿನ ಕೈಯಲ್ಲೇ ಫೋನು ಹಿಡಿದಳು. ಬೋಷಾಂನ ಕರ್ಲಿಂಗ್ ಕ್ಲಬ್ಬಿನ ಉಸ್ತುವಾರಿ ನೋಡುತ್ತಿದ್ದವಳು ಜಿನೆಟ್ ಅನ್ನುವವಳು, ದೊಡ್ಡ ಗಂಟಲಿನ ಹೆಂಗಸು. ನಮ್ಮ ಊರಿನ ಕೋಟು ನಿಮಗೆ, ನಿಮ್ಮದು ನಮಗೆ ಎಂದು ಓರಿಸ್ಯಾ ವಿಷಯ ಅರ್ಧ ಹೇಳುವಷ್ಟರಲ್ಲಿ ಆ ಕಡೆಯಿಂದ ನಗು ಶುರುವಾಯಿತು. ಅಡುಗೆಮನೆಯ ಈ ತುದಿಗೂ ಕೇಳಿಸುತ್ತಿತ್ತು. "ನಮ್ಮ ಚರ್ಚಿನ ಅಟ್ಟದಲ್ಲಿ ಎಪ್ಪತ್ತಿದೆ ತಾಯೀ! ನಾಲ್ಕು ವರ್ಷದಿಂದ ಕೊಳೀತಿದೆ. ಹೊಸದಾಗಿ ಬಂದವರು ಯಾರೂ ಮುಟ್ಟಲ್ಲ. ಚಳಿಯೇ ಆಗಲ್ವೇನೋ ಅವರಿಗೆ ಅಂದ್ಕೊಂಡಿದ್ವಿ ನಾವು!"

ನಮ್ಮ ಹಾಗೇ ಅವರೂ ಪೆದ್ದರು ಎಂದು ತಿಳಿದು ನನಗೆ ಬಹಳ ಸಮಾಧಾನವಾಯಿತು.

ಶನಿವಾರ ಬೆಳಿಗ್ಗೆ ನೆಸ್ಟರ್ ಗೋಧಿ ಸಾಗಿಸುವ ಲಾರಿ ತೊಳೆದು ತಂದು ನಿಲ್ಲಿಸಿದ. ಕೋಟುಗಳನ್ನು ಒಂದೊಂದಾಗಿ ಹೊತ್ತು ಹಾಕಿದೆವು. ಟಿಲ್ಲಿಯದನ್ನು ಮಾತ್ರ ಓರಿಸ್ಯಾ ಪಕ್ಕಕ್ಕೆ ತೆಗೆದಿಟ್ಟಿದ್ದಳು, ಪ್ರೊಕೊಪ್‌ಗೆ ಹಿಂದಿರುಗಿಸೋಣ ಎಂದು. ಅವನು ಭವನದ ಮೆಟ್ಟಿಲ ಮೇಲೆ ಕೋಲೂರಿ ನಿಂತು ನೋಡುತ್ತಿದ್ದವನು ನಿಧಾನವಾಗಿ ಇಳಿದು ಬಂದ. ಕೋಟನ್ನು ಎತ್ತಿಕೊಂಡ. ಎಲ್ಲ ಗುಂಡಿಗಳನ್ನೂ ಮೇಲಿನಿಂದ ಕೆಳಗಿನವರೆಗೆ ಹಾಕಿದ, ಕತ್ತಿನ ತುಪ್ಪುಳ ಸರಿಮಾಡಿದ, ಲಾರಿಯೊಳಗೆ ಎಲ್ಲಕ್ಕಿಂತ ಮೇಲಿಟ್ಟ.

"ಪ್ರೊಕೊಪ್, ಬೇಡ ಅಂದ್ರೆ..." ಎಂದಳು ಓರಿಸ್ಯಾ.

"ಅವಳಿಗೆ ಊರು ಬಿಟ್ಟು ಎಲ್ಲಿಗಾದ್ರೂ ಹೋಗೋ ಆಸೆ ಇತ್ತು ಕಣಮ್ಮ" ಅಂದ. "ಪ್ರತಿ ವರ್ಷ ಕೇಳೋಳು. ದನಗಳಿಗೆ ಮೇವು ಯಾರು ಹಾಕ್ತಾರೆ ಅಂತ ನಾನು ಒಂದ್ಸಲಾನೂ ಕರ್ಕೊಂಡು ಹೋಗ್ಲಿಲ್ಲ. ಹೋಗ್ಲಿ. ನೋಡ್ಕೊಂಡು ಬರ್ಲಿ." ಆಮೇಲೆ ನೆಸ್ಟರನತ್ತ ತಿರುಗಿ, "ಏನೋ ನೋಡ್ತಿದ್ದೀಯ, ಹೊರಡೋ! ಕತ್ತಲಾಗೋದ್ರಲ್ಲಿ ತಲುಪಬೇಕಾ ಬೇಡ್ವಾ?" ಎಂದು ಗದರಿದ. ಆಗಿನ್ನೂ ಬೆಳಿಗ್ಗೆ ಎಂಟೂವರೆ.

ಬೋಷಾಂನಲ್ಲಿ ನಾವು ಆಡಿದ ನಾಲ್ಕು ಆಟವನ್ನೂ ಸೋತೆವು. ಯಾರು ಲೆಕ್ಕಿಸುತ್ತಾರೆ! ಆಟದ ಅಂಗಳದ ಪಕ್ಕದ ಕೋಣೆಯಲ್ಲಿ ಕೋಟುಗಳನ್ನು ತೂಗುಹಾಕಿದ ಅರ್ಧ ಗಂಟೆಯಲ್ಲಿ ಅಲ್ಲಿನ ಹೊಸಬರು, ಮಾಂಸದ ಕಾರ್ಖಾನೆಗೆ ಬಂದ ಸಂಸಾರಗಳು, ಮುಗಿಬಿದ್ದು ತೊಟ್ಟು ನೋಡಲು ಶುರುಮಾಡಿದವು. ಲಿಲಿಯನ್ನಳ ನೇರಳೆ ಕೋಟಿಗೆ ಇಬ್ಬರು ಹೆಂಗಸರು ಜಗಳಕ್ಕೆ ನಿಂತರು. ಓರಿಸ್ಯಾ ನನ್ನನ್ನು ತಿವಿದೂ ತಿವಿದೂ ಪಕ್ಕೆ ನೋಯಿಸಿದಳು: "ಬಣ್ಣ ಹಾಕಿದ್ದು ಯಾರು? ಹೇಳು, ಯಾರು?" ಟಿಲ್ಲಿಯದನ್ನು ಒಬ್ಬ ಎತ್ತರದ ಹುಡುಗಿ ತೊಟ್ಟಳು. ಹೊಟ್ಟೆಯಲ್ಲಿ ಏಳು ತಿಂಗಳ ಮಗು, ಗುಂಡಿ ಹಾಕಲು ಬರಲಿಲ್ಲ. ಇರಲಿ, ಏಪ್ರಿಲಿಗೆ ಗುಂಡಿ ಕೂರುತ್ತದೆ ಎಂದು ನಗುತ್ತಾ ಹೊರಟಳು. ಅವಳನ್ನು ಅಲ್ಲಿ ಯಾರೂ ತಿರುಗಿ ನೋಡಲಿಲ್ಲ. ನಾನೊಬ್ಬಳೇ ಕಿಟಕಿಯಲ್ಲಿ ನಿಂತು, ಅರಿಸಿನ ಬಣ್ಣ ತಿರುವಿನಲ್ಲಿ ಮರೆಯಾಗುವ ತನಕ ಕೈ ಬೀಸಿದೆ.

ಎಪ್ಪತ್ತು ಕೋಟು ತುಂಬಿಕೊಂಡು ಭಾನುವಾರ ವಾಪಸ್ಸು ಬಂದೆವು. ನೆಲಮಾಳಿಗೆಯಲ್ಲಿ ತೂಗುಹಾಕಿದ ಮೇಲೆ ಊರಿನವರು ಬಂದು ನೋಡಿದರು. ಎಲ್ಲರೂ ಪರದೇಶಕ್ಕೆ ಬಂದವರ ಹಾಗೆ ಕಣ್ಣು ಬಿಟ್ಟರು. ಒಂದರ ಗುರುತೂ ಸಿಗಲಿಲ್ಲ ಯಾರಿಗೂ. ಅಣಬೆ ತೋಟದ ಕುಟುಂಬಗಳಿಗೆ ಸುದ್ದಿ ಹೋಯಿತು. ಆ ಸಲ ಅವರು ಬಂದದ್ದು ಕಡುಬಿಗಲ್ಲ. ನಾನು ಮಾಡಿದ್ದ ಕಡುಬೆಲ್ಲ ಹಾಗೇ ಉಳಿಯಿತು, ಅಷ್ಟೊಂದು ಸಂಭ್ರಮ.

ಲೆತೆಬ್ರಹಾನ್ ಬರಲಿಲ್ಲ. ಪೆಟ್ಟಿಗೆ ಕಟ್ಟುತ್ತಿದ್ದಾಳೆಂದು ತಿಳಿಯಿತು. ಎಂಟನೇ ತಾರೀಖು ಅವಳನ್ನು ಸಸ್ಕಾಟೂನಿಗೆ ಕರೆದೊಯ್ದು ಕ್ಯಾಲ್ಗರಿಯ ಬಸ್ಸು ಹತ್ತಿಸಲು ನೆಸ್ಟರನೇ ಒಪ್ಪಿಕೊಂಡಿದ್ದ.

ಆರನೇ ತಾರೀಖು ಸಂಜೆ, ಮೊದಲ ನಕ್ಷತ್ರ ಮೂಡಿದ ಮೇಲೆ, ನಮ್ಮ ಹಬ್ಬದೂಟ. ಹನ್ನೆರಡು ಬಗೆ, ಮಾಂಸ ಮಾತ್ರ ಇಲ್ಲ. ಆ ಊಟಕ್ಕೆ ನಮ್ಮಲ್ಲಿ ಒಂದು ತಟ್ಟೆ ಹೆಚ್ಚಿಗೆ ಇಡುತ್ತೇವೆ, ಬರದೇ ಹೋದವರಿಗೋ ದಾರಿಹೋಕರಿಗೋ ಎಂದು. ಇಷ್ಟು ವರ್ಷದಲ್ಲಿ ಆ ತಟ್ಟೆಯಲ್ಲಿ ಯಾರೂ ಉಂಡದ್ದನ್ನು ನಾನು ಕಂಡಿಲ್ಲ. ಓರಿಸ್ಯಾ ತಾನೇ ಹೋಗಿ ಲೆತೆಬ್ರಹಾನಳನ್ನು ಕರೆತಂದು ಆ ತಟ್ಟೆಯ ಮುಂದೆ ಕೂರಿಸಿದಳು. ಅವಳಿಗೂ ಆಗ ಉಪವಾಸದ ದಿನಗಳೇ, ಮಾಂಸ ಮುಟ್ಟುತ್ತಿರಲಿಲ್ಲ. ಹನ್ನೆರಡನ್ನೂ ಉಂಡಳು, ಕಡುಬನ್ನು ಎರಡನೇ ಸಲ ಹಾಕಿಸಿಕೊಂಡಳು. ಊಟ ಮುಗಿಯುವ ಹೊತ್ತಿಗೆ ಓರಿಸ್ಯಾ ಅವಳನ್ನು ಕೈಹಿಡಿದು ಎಬ್ಬಿಸಿ, ಬೀದಿಯಾಚೆ ಇದ್ದ ಭವನದ ನೆಲಮಾಳಿಗೆಗೆ ಕರೆದೊಯ್ದಳು. ನಾನೂ ಹಿಂದೆಯೇ ಹೋದೆ. ಬಿಟ್ಟಿರಲು ಆಗುತ್ತದೆಯೇ?

ಒಳ್ಳೊಳ್ಳೆಯವು ಇನ್ನೂ ಉಳಿದಿದ್ದವು. ಕಪ್ಪು ಉಣ್ಣೆಯದ್ದೊಂದು, ಬೂದು ಬಣ್ಣದ್ದೊಂದು. ಅವಳು ಒಂದೊಂದನ್ನೂ ಸರಿಸಿಕೊಂಡು ಹೋದಳು, ಎಲ್ಲಕ್ಕಿಂತ ಕೊನೆಯಲ್ಲಿ ಮುದುರಿ ಕೂತಿದ್ದ ಒಂದನ್ನು ಎಳೆದಳು. ಕಿತ್ತಳೆ ಬಣ್ಣ. ಅಂತಿಂಥ ಕಿತ್ತಳೆಯಲ್ಲ, ನೋಡಿದರೆ ಕಣ್ಣಿಗೆ ಖಾರ ಹಾಕಿದ ಹಾಗೆ. ಜಿಪ್ಪು ಬೇರೆ ಕಿತ್ತುಹೋಗಿತ್ತು.

"ಅಯ್ಯೋ ದೇವರೇ, ಅದ್ಯಾಕೆ? ಅಷ್ಟೊಂದು ಚೆನ್ನಾಗಿರೋವು ಇವೆಯಲ್ಲ" ಅಂದೆ.

"ಇಂಥದ್ದು ಈ ಊರಲ್ಲಿ ಇನ್ಯಾರ ಹತ್ರಾನಾದ್ರೂ ಇದೆಯಾ?"

"ಈ ಪ್ರಾಂತ್ಯದಲ್ಲೇ ಇರಲಾರದು."

"ಹಾಗಾದ್ರೆ ಇದೇ" ಅಂದಳು. ಓರಿಸ್ಯಾಳ ಡಬ್ಬ ತರಿಸಿ, ಜಿಪ್ಪಿನ ತಲೆಯೊಂದನ್ನು ಹುಡುಕಿ ತೆಗೆದು, ಒಂದು ಫೋರ್ಕು ಹಿಡಿದುಕೊಂಡು ನೆಲದ ಮೇಲೇ ಕೂತಳು. ಫೋರ್ಕಿನ ಹಲ್ಲಿಗೆ ಜಿಪ್ಪಿನ ತಲೆಯನ್ನು ಸಿಕ್ಕಿಸಿ, ಎರಡು ಕಡೆಯ ಹಲ್ಲುಗಳನ್ನೂ ಅದರೊಳಗೆ ತೂರಿಸಿ, ಸರ್ರನೆ ಎಳೆದಳು. ಐದು ನಿಮಿಷ ಕೂಡ ಆಗಲಿಲ್ಲ. ಓರಿಸ್ಯಾ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಮೂವತ್ತು ವರ್ಷದಿಂದ ಕೆಟ್ಟ ಜಿಪ್ಪು ಬಿಚ್ಚಿ ಡಬ್ಬಕ್ಕೆ ಹಾಕುವುದು ಗೊತ್ತಿತ್ತೇ ಹೊರತು ಸರಿಮಾಡುವುದು ಅವಳಿಗೆ ಗೊತ್ತಿರಲಿಲ್ಲ.

"ಎಲ್ಲಿ ಕಲಿತೆ ಮಗಳೇ?"

"ನಂದೇ ಟೈಲರ್ ಅಂಗಡಿ ಇತ್ತಮ್ಮಾ. ಊರಲ್ಲೂ, ಆಮೇಲೆ ಕ್ಯಾಂಪಲ್ಲೂ. ನೀವ್ಯಾರೂ ಕೇಳ್ಲಿಲ್ಲ."

ಹೌದಲ್ಲ, ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಅವಳು ಕಿತ್ತಳೆ ಕೋಟು ತೊಟ್ಟು, ಕತ್ತಿನ ತನಕ ಜಿಪ್ಪು ಎಳೆದುಕೊಂಡು, "ಮಾರ್ಚ್‌ವರೆಗೆ ನೋಡ್ತೀನಿ. ಆಮೇಲೆ ಹೇಳ್ತೀನಿ" ಅಂದಳು. ಇರುತ್ತೇನೆ ಎಂದಂತೂ ಅನ್ನಲಿಲ್ಲ. ನೆಸ್ಟರ್ ಎಂಟನೇ ತಾರೀಖು ಬಸ್ಸಿಗೆ ಹೋಗದೆ ಮಧ್ಯಾಹ್ನದವರೆಗೆ ಮಲಗಿದ.

ಆ ಮೂರು ತಿಂಗಳಲ್ಲಿ ಹುಟ್ಟಿದ್ದೇ ಈಗಿನ ಸಂಘ. ಲೆತೆ (ಅಷ್ಟು ಹೊತ್ತಿಗೆ ಓರಿಸ್ಯಾ ಹಾಗೆ ಕರೆಯಲು ಶುರುಮಾಡಿದ್ದಳು) ಬುಧವಾರ ಬುಧವಾರ ನೆಲಮಾಳಿಗೆಯಲ್ಲಿ ರಿಪೇರಿ ಮೇಜು ಹಾಕಿದಳು. ಸರಿಯಾಗುವುದನ್ನು ಸರಿಮಾಡುವುದು, ಆಗದ್ದನ್ನು ಕತ್ತರಿಸಿ ಬೂಟಿನೊಳಗಿನ ಮೆತ್ತೆ, ಕೈಗವಸಿನ ಒಳಪದರ, ಕೌದಿ. ಕಸದ ಗುಂಡಿಗೆ ಒಂದು ದಾರವೂ ಹೋಗಬಾರದು ಎಂದು ಓರಿಸ್ಯಾಳ ಅಪ್ಪಣೆ. ಬೇರೆ ಊರುಗಳಿಂದಲೂ ಫೋನು ಬರತೊಡಗಿದವು. ಅವರದೂ ಅದೇ ಪಾಡು. ಒಂದು ಊರಿನ ಕೋಟು ಮುಂದಿನ ಊರಿಗೆ, ಅಲ್ಲಿನದು ಅದರಾಚೆಯ ಊರಿಗೆ, ಕರ್ಲಿಂಗ್ ಪಂದ್ಯಕ್ಕೆ ಹೋಗುವವರ ಗಾಡಿಯಲ್ಲೇ ಸಾಗಾಟ. ಕೊನೆಗೆ ನೋಂದಣಿ ಮಾಡಿಸಬೇಕೆಂದಾಯಿತು. ಅರ್ಜಿಯಲ್ಲಿ ಮೂವರು ನಿರ್ದೇಶಕರ ಹೆಸರು ಕೇಳಿದ್ದರು: ಓರಿಸ್ಯಾ, ನಾನು, ಲೆತೆಬ್ರಹಾನ್. ಸಂಸ್ಥೆಯ ಉದ್ದೇಶವೇನು ಎಂಬ ಕಡೆ ಓರಿಸ್ಯಾ ಪೆನ್ಸಿಲಿನಲ್ಲಿ ಬರೆದು ಬರೆದು ಅಳಿಸಿದಳು. ನಾನು 'ಬಡವರಿಗೆ ಬಟ್ಟೆ' ಎಂದು ಬರಿ ಅಂದೆ.

"ಬಡವರು ಅಂತ ಬೇಡ" ಅಂದಳು ಲೆತೆ. ಪೆನ್ಸಿಲು ತೆಗೆದುಕೊಂಡು ತಾನೇ ಬರೆದಳು: 'ಕೋಟುಗಳನ್ನು ಅವುಗಳ ಗುರುತು ಯಾರಿಗೂ ಸಿಗದ ಊರಿಗೆ ಕಳುಹಿಸುವುದು.' ಕಚೇರಿಯವರು ಓದಿ ಏನೆಂದುಕೊಂಡರೋ ದೇವರಿಗೇ ಗೊತ್ತು.

ಈ ನಡುವೆ ನಾನು ಒಂದನ್ನು ಮಾತ್ರ ಗಮನಿಸುತ್ತಿದ್ದೆ, ಓರಿಸ್ಯಾಳೂ ಗಮನಿಸುತ್ತಿದ್ದಳು, ಇಬ್ಬರೂ ಅದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಕಿತ್ತಳೆ ಕೋಟು ರಸ್ತೆಯಲ್ಲಿ ಹೋಗುತ್ತಿದ್ದರೆ ಯಾರೂ ಬೆಚ್ಚಿಬೀಳುತ್ತಿರಲಿಲ್ಲ, ಸರಿ. ಆದರೆ ಯಾರೂ ಕೈಯನ್ನೂ ಬೀಸುತ್ತಿರಲಿಲ್ಲ. ಹೊಸ ಕೋಟಲ್ಲವೇ. ಜನವರಿ ಹೋಯಿತು, ಫೆಬ್ರವರಿ ಹೋಯಿತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನೋಂದಣಿಯ ಪತ್ರ ಬಂದಿದೆಯೆಂದು ಅಂಚೆ ಕಚೇರಿಯಿಂದ ಫೋನು ಬಂತು. ಮೂವರೂ ಹೊರಟೆವು. ಸಣ್ಣಗೆ ಹಿಮ ಬೀಳುತ್ತಿತ್ತು, ಹತ್ತು ಮಾರು ಮುಂದೆ ಬಣ್ಣ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಓರಿಸ್ಯಾ ಪತ್ರ ತೆಗೆದುಕೊಂಡು ಬಂದು ಮೆಟ್ಟಿಲ ಮೇಲೇ ಹರಿದು ಓದಿದಳು, ಲಕೋಟೆಯಿಂದ ನನ್ನ ತಲೆಗೆ ಒಂದು ಹೊಡೆದಳು, ಲೆತೆಯನ್ನು ಅಪ್ಪಿಕೊಂಡು ಕುಣಿದಳು. ಅರವತ್ತೆಂಟು ವರ್ಷದವಳ ಕುಣಿತ! ನಗುತ್ತಾ ರಸ್ತೆ ದಾಟುತ್ತಿದ್ದಾಗ ಹಿಂದಿನಿಂದ ಕೂಗು ಕೇಳಿತು.

"ಲೆತೇ!"

ಬೀದಿಯ ಆ ತುದಿ, ಭವನದ ಬಾಗಿಲು. ಪ್ರೊಕೊಪ್‌ನ ದನಿ. ಲೆತೆ ಅಲ್ಲೇ ನಿಂತುಬಿಟ್ಟಳು. ನಾನು ತಿರುಗಲು ಹೋದರೆ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ತಿರುಗಬೇಡಿ ಅಡೆಲಿನ್" ಎಂದಳು ಪಿಸುದನಿಯಲ್ಲಿ. "ಇನ್ನೊಂದ್ಸಲ ಕೂಗ್ಲಿ."

"ಲೆತೇ! ಕಿವಿ ಕೇಳಲ್ವೇನಮ್ಮಾ ನಿನಗೆ? ನನ್ನ ಜಿಪ್ಪು ಕಚ್ಕೊಂಡಿದೆ! ಬೆಳಿಗ್ಗೆಯಿಂದ ಈ ಕೋಟೊಳಗೇ ಸಿಕ್ಕಾಕ್ಕೊಂಡಿದೀನಿ, ಬಂದು ಬಿಡಿಸು ಮಹಾತಾಯೀ!"

ಟೊಪ್ಪಿಗೂ ಮಫ್ಲರಿಗೂ ನಡುವೆ ಅವಳ ಎರಡು ಕಣ್ಣು ಮಾತ್ರ ನನಗೆ ಕಾಣುತ್ತಿದ್ದವು. ತುಂಬಿದ್ದವು, ನಗುತ್ತಿದ್ದವು. ಓರಿಸ್ಯಾ ಆಗಲೇ ಅಳಲು ಶುರುಮಾಡಿದ್ದಳು.

"ಬಂದೇ ಪ್ರೊಕೊಪ್!" ಎಂದು ಲೆತೆ ಹಿಂದಿರುಗಿ ಕೂಗಿ, ಜೇಬಿನಲ್ಲಿ ಫೋರ್ಕು ಇದೆಯೇ ಎಂದು ಮುಟ್ಟಿ ನೋಡಿಕೊಂಡು, ಹಿಮದಲ್ಲಿ ಓಡಿದಳು.